ಬಾಟಲಿಯ ಮೈಮೇಲೆ ಇನ್ನೊಬ್ಬರ ಹೆಸರು

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕನ್ನಡದ ಬಂಧುಗಳಿಗೆ ಒಂದು ಬಹಿರಂಗ ಪತ್ರ



ಆರೆಗಾನ್ ರಾಜ್ಯದ ಬೀವರ್ಟನ್ ಎಂಬ ಊರಿನಿಂದ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಕೆಲವರನ್ನು ಮುಖತಃ ಬಲ್ಲೆ. ಶನಿವಾರ ಬೆಳಗ್ಗೆ ಗ್ಯಾರೇಜಿನ ಬಾಗಿಲೆತ್ತಿ, ಗ್ಯಾಸ್ ಒಲೆಯ ಮೇಲೆ ಹಂಡೆಯಂಥ ಪಾತ್ರೆಯಿಟ್ಟು, ಮಾಲ್ಟಿನ ಸಿಹಿ ಪರಿಮಳ ಬೀದಿಗೆಲ್ಲ ಹಬ್ಬುವಂತೆ ಕುದಿಸುವವರು ನೀವು. ಆಲೆಮನೆಯ ಮುಂದೆ ನಿಂತಂತೆ ಅನಿಸುವ ಆ ಪರಿಮಳಕ್ಕೆ ಮನಸೋತೇ ಹನ್ನೆರಡು ವರ್ಷದ ಹಿಂದೆ ನಾನೂ ಈ ಹವ್ಯಾಸಕ್ಕೆ ಬಿದ್ದೆ. ಕುದಿಸುವುದರ ಬಗ್ಗೆ, ಹಾಪ್ಸ್ ಬಗ್ಗೆ, ಯೀಸ್ಟ್ ಬಗ್ಗೆ ನಾವು ಭೇಟಿಯಾದಾಗಲೆಲ್ಲ ಗಂಟೆಗಟ್ಟಲೆ ಮಾತಾಡಿದ್ದೇವೆ. ಬಾಟಲಿ ತೊಳೆಯುವುದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಅದು ಯಾರಿಗೂ ಬೇಡದ ಕೆಲಸ.

ಆ ಬೇಡದ ಕೆಲಸದ ಬಗ್ಗೆಯೇ ಈ ಪತ್ರ. ಕೋರಿಕೆ ಒಂದೇ: ಹಳೆಯ ಬಾಟಲಿಗೆ ನಿಮ್ಮ ಬಿಯರ್ ತುಂಬುವ ಮೊದಲು ಅದರ ಮೇಲಿನ ಲೇಬಲ್ಲನ್ನು ಪೂರ್ತಿಯಾಗಿ ತೆಗೆಯಿರಿ. ಅರ್ಧ ಕಿತ್ತು ಬಿಡಬೇಡಿ. ‘ನಮ್ಮ ಮನೆಯವರೇ ತಾನೆ ಕುಡಿಯುವವರು’ ಎಂದು ಹಾಗೆಯೇ ತುಂಬಬೇಡಿ. ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಮೂರು ವರ್ಷದ ಹಿಂದಿನ ಜುಲೈ ತಿಂಗಳು. ನಮ್ಮ ಹಿತ್ತಲಿನಲ್ಲಿ ನಾಲ್ಕು ಮನೆಯವರು ಸೇರಿದ್ದೆವು. ಐಸ್ ತುಂಬಿದ ದೊಡ್ಡ ಪೆಟ್ಟಿಗೆಯ ಒಂದು ಬದಿಗೆ ಮಕ್ಕಳಿಗೆಂದು ತಂದ ರೂಟ್ ಬಿಯರ್ ಇಟ್ಟಿದ್ದೆ. ರೂಟ್ ಬಿಯರ್ ಹೆಸರಿಗೆ ಮಾತ್ರ ಬಿಯರ್. ಅದು ಮಕ್ಕಳು ಕುಡಿಯುವ ಸಿಹಿ ಸೋಡಾ, ವಾಸನೆಯಲ್ಲಿ ನಮ್ಮ ಸೊಗದೆ ಬೇರಿನ ಷರಬತ್ತಿಗೆ ಹತ್ತಿರ. ಕೆಲವು ಕಂಪನಿಗಳು ಅದನ್ನೂ ಬಿಯರಿನಂಥದೇ ಕಂದು ಬಾಟಲಿಯಲ್ಲಿ ತುಂಬಿ ಮಾರುತ್ತವೆ. ಹಿಂದಿನ ವರ್ಷ ಹಾಗೆ ಖಾಲಿಯಾದ ಏಳೆಂಟು ಬಾಟಲಿಗಳನ್ನು ಎತ್ತಿಟ್ಟು, ಲೇಬಲ್ ತೆಗೆಯಲು ಬೇಸರವಾಗಿ, ಅವುಗಳಲ್ಲಿ ನಾನು ಮಾಡಿದ ಶೇಕಡಾ ಆರರ ಬಿಯರ್ ತುಂಬಿದ್ದೆ. ಮುಚ್ಚಳದ ಮೇಲೆ ಪೆನ್ನಿನಿಂದ ಬರೆದ ಅಕ್ಷರವೊಂದೇ ಗುರುತು. ಅಂದು ಅವುಗಳಲ್ಲಿ ಎರಡು ಅದೇ ಪೆಟ್ಟಿಗೆಯ ಇನ್ನೊಂದು ಬದಿಯಲ್ಲಿದ್ದವು. ಐಸ್ ಕರಗಿತು, ಬಾಟಲಿಗಳು ಉರುಳಿ ಬೆರೆತವು, ಒದ್ದೆಯಾದ ಅಕ್ಷರ ಅಳಿಸಿಹೋಯಿತು.

ಗೆಳೆಯರೊಬ್ಬರ ಒಂಬತ್ತು ವರ್ಷದ ಮಗಳು ಓಡುತ್ತ ಬಂದು ಒಂದು ಬಾಟಲಿ ಎತ್ತಿಕೊಂಡಳು. ಪೆಟ್ಟಿಗೆಗೆ ದಾರ ಕಟ್ಟಿ ನೇತುಹಾಕಿದ್ದ ಓಪನರ್‌ನಿಂದ ತಾನೇ ಮುಚ್ಚಳ ತೆಗೆದಳು. ಆಟದ ಬಾಯಾರಿಕೆ. ಒಂದು ದೊಡ್ಡ ಗುಟುಕು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ಹುಲ್ಲಿನ ಮೇಲೆ ಉಗಿದಳು. ‘ಇದು ಕೆಟ್ಟುಹೋಗಿದೆ ಅಂಕಲ್’ ಎಂದು ಬಾಟಲಿಯನ್ನು ನನ್ನ ಕೈಗೇ ತಂದುಕೊಟ್ಟಳು. ಹಾಪ್ಸ್‌ನ ಕಹಿ ಆ ಮಗುವನ್ನು ಕಾಪಾಡಿತು. ನಾನು ಕಾಪಾಡಲಿಲ್ಲ. ಬಾಟಲಿಯ ಮೇಲೆ ಬಣ್ಣಬಣ್ಣದ ಅಕ್ಷರದಲ್ಲಿ ಸೋಡಾದ ಹೆಸರು ಹಾಗೆಯೇ ಇತ್ತು. ಆ ಮಗು ಓದಿದ್ದರಲ್ಲಿ ತಪ್ಪಿರಲಿಲ್ಲ, ಬರೆದಿದ್ದೇ ಸುಳ್ಳಾಗಿತ್ತು. ಅದನ್ನು ಸುಳ್ಳು ಮಾಡಿದವನು ನಾನು.

ಆ ರಾತ್ರಿ ನನಗೆ ಅಜ್ಜಿಯ ನೆನಪಾಯಿತು. ಮಲೆನಾಡಿನ ನಮ್ಮ ಮನೆಯಲ್ಲಿ ಒಂದು ಗಾಜಿನ ಬಾಟಲಿಯೂ ಹೊರಗೆ ಹೋಗುತ್ತಿರಲಿಲ್ಲ. ಜೇನುತುಪ್ಪ ಬರುತ್ತಿದ್ದುದೇ ಹಳೆಯ ಬ್ರಾಂದಿ ಬಾಟಲಿಗಳಲ್ಲಿ. ಕೊಬ್ಬರಿ ಎಣ್ಣೆ, ಜೋನಿ ಬೆಲ್ಲ, ಸೀಮೆಎಣ್ಣೆ ಎಲ್ಲಕ್ಕೂ ಬಾಟಲಿಯೇ. ಒಳಗೆ ತಂದ ಬಾಟಲಿಯನ್ನು ಅಜ್ಜಿ ಮೊದಲು ಬಚ್ಚಲೊಲೆಯ ಬಿಸಿನೀರಿನಲ್ಲಿ ಮುಳುಗಿಸಿ, ಬೂದಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜಿ ಚೀಟಿಯ ಚೂರೂ ಉಳಿಯದಂತೆ ಮಾಡುತ್ತಿದ್ದಳು. ಸೀಮೆಎಣ್ಣೆಯ ಬಾಟಲಿಯ ಕತ್ತಿಗೆ ಕೆಂಪು ದಾರ ಕಟ್ಟುತ್ತಿದ್ದಳು. ಓದಲು ಬಾರದ ಅವಳು ತನ್ನ ಮನೆಯ ಬಾಟಲಿಗಳ ಮೇಲೆ ಒಂದೂ ಸುಳ್ಳು ಅಕ್ಷರ ಇರಗೊಡಲಿಲ್ಲ. ಓದು ಬರಹ ಕಲಿತ ನಾನು ಇಟ್ಟುಕೊಂಡಿದ್ದೆ.

ಹಾಗಾದರೆ ಹೊಸ ಬಾಟಲಿಗಳನ್ನೇ ಕೊಂಡರಾಯಿತಲ್ಲ ಎಂದು ನೀವು ಕೇಳಬಹುದು. ಪೋರ್ಟ್‌ಲ್ಯಾಂಡಿನಲ್ಲಿ 1918ರಿಂದ ನಡೆದು ಬಂದಿರುವ ಎಫ್. ಎಚ್. ಸ್ಟೈನ್‌ಬಾರ್ಟ್ ಅಂಗಡಿಯಂಥ ಕಡೆ ಹೊಸ ಬಾಟಲಿಗಳು ಪೆಟ್ಟಿಗೆ ಲೆಕ್ಕದಲ್ಲಿ ಸಿಗುತ್ತವೆ, ನಿಜ. ಆದರೆ ಗಾಜು ಕರಗಬೇಕಾದರೆ ಕುಲುಮೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಕಾಯಬೇಕು. ಅಷ್ಟು ಬೆಂಕಿ ತಿಂದು ಹುಟ್ಟಿದ ಬಾಟಲಿ ಒಂದೇ ಸಂಜೆಗೆ ಮುಗಿಯುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಜರ್ಮನಿಯಲ್ಲಿ ಎಂಟು ಸೆಂಟ್ ಠೇವಣಿಗೆ ವಾಪಸ್ಸಾಗುವ ಬಿಯರ್ ಬಾಟಲಿಗಳನ್ನು ತೊಳೆದು ಹತ್ತಾರು ಸಲ ತುಂಬುತ್ತಾರೆ. ಮಲೆನಾಡಿನ ನಮ್ಮೂರಿನಲ್ಲೂ ಖಾಲಿ ಬಾಟಲಿ ಗುಜರಿಯವನ ಗೋಣಿಚೀಲ ಸೇರಿ, ಮತ್ತೆ ಬ್ರೂವರಿಯ ಬಾಗಿಲಿಗೆ ಹೋಗುತ್ತದೆ. ಹಲವು ಸಲ ತುಂಬಿಸಿಕೊಂಡ ಬಾಟಲಿಯ ಹೊಟ್ಟೆಯ ಸುತ್ತ ಸವೆದ ಬಿಳಿಯ ಬಳೆಯೊಂದು ಮೂಡಿರುತ್ತದೆ. ಅದನ್ನು ನೀವೂ ನೋಡಿರುತ್ತೀರಿ. ಅದು ದುಡಿದ ಬಾಟಲಿಯ ಗುರುತು.

ಆರೆಗಾನ್ ಈ ವಿಷಯದಲ್ಲಿ ಮುಂದಿರುವ ರಾಜ್ಯ. ಖಾಲಿ ಬಾಟಲಿಗೆ ಠೇವಣಿ ಕೊಡುವ ಕಾಯ್ದೆಯನ್ನು ಅಮೆರಿಕದಲ್ಲೇ ಮೊದಲಿಗೆ, 1971ರಲ್ಲಿ, ಮಾಡಿದ್ದು ಇಲ್ಲಿ. ಐದು ಸೆಂಟ್ ಇದ್ದ ಠೇವಣಿ 2017ರ ಏಪ್ರಿಲ್‌ನಿಂದ ಹತ್ತು ಸೆಂಟ್ ಆಯಿತು. 2018ರಿಂದ ತೊಳೆದು ಮತ್ತೆ ತುಂಬಬಹುದಾದ ಬಾಟಲಿಗಳ ಏರ್ಪಾಡೂ ಇಲ್ಲಿ ಶುರುವಾಗಿದೆ. ಮರುಬಳಕೆಯದೆಂದು ಗಾಜಿನಲ್ಲೇ ಉಬ್ಬಕ್ಷರ ಮೂಡಿಸಿದ ಅಂಥ ಬಾಟಲಿ ನಿಮ್ಮ ಕೈಗೆ ಬಂದರೆ ಇಟ್ಟುಕೊಳ್ಳಬೇಡಿ, ವಾಪಸು ಕೊಡಿ. ಅದಕ್ಕೆ ಮುಂದೆ ದೂರದ ದಾರಿಯಿದೆ. ಉಳಿದವು ಪುಡಿಯಾಗಿ ಮತ್ತೆ ಕುಲುಮೆ ಸೇರುವಂಥವು. ನಾವು ಉಳಿಸಿಕೊಳ್ಳಬೇಕಾದ್ದು ಅವನ್ನು.

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಮದ್ಯನಿಷೇಧ ಮುಗಿದ ಮೇಲೂ ಅಮೆರಿಕದಲ್ಲಿ ಮನೆಯ ಬಿಯರಿಗೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಮಾನ್ಯತೆ ಇರಲಿಲ್ಲ. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ, ಒಬ್ಬ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇರುವ ಮನೆಗೆ 200 ಗ್ಯಾಲನ್ ತೆರಿಗೆಯಿಲ್ಲದೆ ಮಾಡಿಕೊಳ್ಳಲು ಅವಕಾಶವಾಯಿತು. ಅದು ಸ್ವಂತಕ್ಕೆ ಮಾತ್ರ, ಮಾರುವಂತಿಲ್ಲ. ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರು ದಯವಿಟ್ಟು ಗಮನಿಸಿ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಾಟಲಿ ತೊಳೆಯುವ ಪಾಠವನ್ನು ಮಾತ್ರ ನೀವು ಜೇನಿಗೋ ಎಣ್ಣೆಗೋ ಬಳಸಿಕೊಳ್ಳಬಹುದು.

ಇನ್ನು ಕೆಲಸಕ್ಕೆ ಬರೋಣ. ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರಿಗೆ 355 ಮಿಲಿಲೀಟರಿನ ಐವತ್ತಕ್ಕೂ ಹೆಚ್ಚು ಬಾಟಲಿಗಳು ಬೇಕು. ಒಂದೇ ದಿನ ಐವತ್ತು ಬಾಟಲಿ ತೊಳೆಯಲು ಕುಳಿತರೆ ಬೇಸರ ಬರುವುದು ಸಹಜ, ಬೇಸರ ಬಂದಾಗಲೇ ಅರ್ಧ ಕಿತ್ತ ಲೇಬಲ್ ಉಳಿಯುವುದು. ಹಾಗಾಗಿ ಬಾಟಲಿಗಳನ್ನು ವರ್ಷವಿಡೀ ಕೂಡಿಡಿ. ಖಾಲಿಯಾದ ಕೂಡಲೇ ಮೂರು ಸಲ ಬಿಸಿನೀರು ಹಾಕಿ ಕುಲುಕಿ ಚೆಲ್ಲಿ, ತಲೆಕೆಳಗಾಗಿ ಒಣಗಿಸಿ. ಆ ಅರ್ಧ ನಿಮಿಷ ಉಳಿಸಿದರೆ ತಳದ ಗಸಿ ಒಣಗಿ ಬೂಷ್ಟು ಹಿಡಿದು, ಮುಂದೆ ಬ್ರಷ್ ಹಾಕಿ ಅರ್ಧ ಗಂಟೆ ತಿಕ್ಕಬೇಕಾಗುತ್ತದೆ.

ಆರಿಸುವುದರಲ್ಲೂ ಎಚ್ಚರ ಬೇಕು. ಬಾಯಿಯ ಸುತ್ತ ತಿರುಪಿನ ಗೆರೆಯಿರುವ ಬಾಟಲಿ ಬೇಡ. ನಮ್ಮ ಕೈಯಂತ್ರದಿಂದ ಒತ್ತಿದ ಮುಚ್ಚಳ ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ಓಪನರ್‌ನಿಂದ ತೆಗೆಯುವ, ದಪ್ಪ ತುಟಿಯ ಬಾಟಲಿಯೇ ಬೇಕು. ಬಾಲ್ಟಿಮೋರಿನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ಕಿರೀಟದಂಥ ಆ ಮುಚ್ಚಳವೇ ಇಂದಿಗೂ ನಮ್ಮ ಕೈಯಲ್ಲಿರುವುದು. ತುಟಿಯ ಸುತ್ತ ಬೆರಳಾಡಿಸಿ ನೋಡಿ. ಎಲ್ಲಾದರೂ ಚಿಟಿಕೆಯಷ್ಟು ಗಾಜು ಹಾರಿದ್ದರೂ ಆ ಬಾಟಲಿಯನ್ನು ಬಿಟ್ಟುಬಿಡಿ. ತುಂಬಿದ ಮೇಲೆ ಯೀಸ್ಟ್ ಸಕ್ಕರೆ ತಿಂದು ಒಳಗೆ ಒತ್ತಡ ಹುಟ್ಟಿಸುತ್ತದೆ, ಊನವಿರುವ ಗಾಜು ಅದನ್ನು ತಡೆಯದೆ ಸಿಡಿಯಬಹುದು. ಬಣ್ಣ ಕಂದೇ ಇರಲಿ. ಬೆಳಕು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು, ಸ್ಕಂಕ್ ಪ್ರಾಣಿಯ ನಾತದಂಥ ವಾಸನೆ ಹುಟ್ಟುತ್ತದೆ. ಕಂದು ಗಾಜು ಆ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಹಸಿರು ಗಾಜೂ ಬಿಳಿ ಗಾಜೂ ಅಷ್ಟು ತಡೆಯುವುದಿಲ್ಲ.

ಲೇಬಲ್ ಬಿಡಿಸುವ ಮುನ್ನ ಅದು ಯಾಕೆ ಅಷ್ಟು ಬಿಗಿಯಾಗಿ ಕೂತಿದೆ ಎಂದು ತಿಳಿದುಕೊಳ್ಳಬೇಕು. ಬಿಯರ್ ಬಾಟಲಿ ಐಸ್ ನೀರಿನಲ್ಲಿ ಗಂಟೆಗಟ್ಟಲೆ ಮುಳುಗಿರುತ್ತದೆ. ಅಲ್ಲಿ ಲೇಬಲ್ ಕಳಚಿ ತೇಲಿದರೆ ಬ್ರೂವರಿಯವರಿಗೆ ಅವಮಾನ. ಆದ್ದರಿಂದ ಕಾಗದದ ಲೇಬಲ್ಲಿಗೆ ಬಹಳ ಕಾಲದಿಂದ ಬಳಸುತ್ತ ಬಂದಿರುವುದು ಕೇಸೀನ್ ಗೋಂದು. ಕೇಸೀನ್ ಬೇರೇನೂ ಅಲ್ಲ, ಹಾಲಿಗೆ ನಿಂಬೆರಸ ಹಿಂಡಿದಾಗ ಒಡೆದು ಗಟ್ಟಿಯಾಗಿ ನಿಲ್ಲುತ್ತದಲ್ಲ, ಅದೇ. ಹುಳಿ ಕಂಡರೆ ಅದು ಗಟ್ಟಿ, ಕ್ಷಾರ ಕಂಡರೆ ಕರಗುತ್ತದೆ. ತಣ್ಣೀರಿಗೆ ಜಗ್ಗದ ಈ ಗೋಂದು ಬಿಸಿಯಾದ ಕ್ಷಾರದ ನೀರಿಗೆ ಸುಲಭವಾಗಿ ಸೋಲುತ್ತದೆ. ದೊಡ್ಡ ಬ್ರೂವರಿಗಳಲ್ಲಿ ವಾಪಸು ಬಂದ ಬಾಟಲಿಗಳನ್ನು ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ಹಾಯಿಸುವುದು ಇದೇ ಕಾರಣಕ್ಕೆ. ನಮ್ಮ ಮನೆಗೆ ಕಾಸ್ಟಿಕ್ ಬೇಡ, ಅದು ಚರ್ಮ ಸುಡುತ್ತದೆ. ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಸಾಕು.

ಅಜ್ಜಿಯ ಬೂದಿಯ ಗುಟ್ಟೂ ಇಲ್ಲೇ ಇದೆ. ಸೌದೆಯ ಬೂದಿಯಲ್ಲಿ ನೀರಿಗೆ ಕರಗುವ ಕ್ಷಾರ ಪೊಟ್ಯಾಸಿಯಂ ಕಾರ್ಬೋನೇಟ್, ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೋನೇಟ್. ಒಂದೇ ಮನೆತನದ ಅಕ್ಕತಂಗಿಯರು. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನ ಕ್ಷಾರವೂ ಇದೇ ಬಳಗದ್ದು. ಅಂಗಡಿಯಲ್ಲಿ ಸಿಗುವ ಆಕ್ಸಿಕ್ಲೀನ್ ಥರದ ಪುಡಿಗಳಲ್ಲಿ ಈ ಸೋಡಾದ ಜೊತೆಗೆ ಆಮ್ಲಜನಕ ಬಿಡುವ ಅಂಶವೂ ಸೇರಿರುತ್ತದೆ, ಒಳಗಿನ ಕೊಳೆಗೂ ಅದು ಒಳ್ಳೆಯದು. ಸುವಾಸನೆ ಹಾಕಿರದ ಪುಡಿಯನ್ನೇ ಆರಿಸಿಕೊಳ್ಳಿ.

ನಾನು ಮಾಡುವ ಕ್ರಮ ಹೀಗಿದೆ. ಐಸ್ ಪೆಟ್ಟಿಗೆಯನ್ನೇ ತೊಟ್ಟಿಯಾಗಿ ಬಳಸುತ್ತೇನೆ. ತಂಪು ಹಿಡಿದಿಡುವ ಪೆಟ್ಟಿಗೆ ಬಿಸಿಯನ್ನೂ ಹಿಡಿದಿಡುತ್ತದೆ. ನಲ್ಲಿಯ ಬಿಸಿನೀರು ತುಂಬಿ, 20 ಲೀಟರಿಗೆ ಅರ್ಧ ಕಪ್‌ನಂತೆ ವಾಷಿಂಗ್ ಸೋಡಾ ಕದಡುತ್ತೇನೆ. ಕೈಗೆ ರಬ್ಬರ್ ಕವಚ. ಬಾಟಲಿಯೊಳಗೂ ನೀರು ತುಂಬಿದರೆ ಅದು ತೇಲದೆ ಮಲಗುತ್ತದೆ. ತಣ್ಣಗಿನ ಬಾಟಲಿಯ ಮೇಲೆ ಕುದಿಯುವ ನೀರು ಸುರಿಯುವುದು ಬೇಡ, ಗಾಜು ಬಿರಿಯುತ್ತದೆ. ರಾತ್ರಿ ಮುಳುಗಿಸಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಕೆಲಸ ತಾನೇ ಮುಗಿದಿರುತ್ತದೆ.

ಆ ಬೆಳಗನ್ನು ನಾನು ಪ್ರೀತಿಸುತ್ತೇನೆ. ಮುಚ್ಚಳ ತೆಗೆದರೆ ಲೇಬಲ್ಲುಗಳು ನೀರಿನ ಮೇಲೆ ತೇಲುತ್ತಿರುತ್ತವೆ. ಒಂದು ಬಾಟಲಿ ಎತ್ತಿ ಹೆಬ್ಬೆರಳಿನಿಂದ ಲೇಬಲ್ಲಿನ ಅಂಚನ್ನು ಮೆಲ್ಲಗೆ ನೂಕುತ್ತೇನೆ. ನೆನೆಸಿದ ಬಾದಾಮಿಯ ಸಿಪ್ಪೆಯಂತೆ ಇಡೀ ಕಾಗದ ಒಂದೇ ತುಂಡಾಗಿ ಜಾರುತ್ತದೆ. ಅದರಡಿ ಗಂಜಿಯಂಥ ತೆಳ್ಳನೆಯ ಗೋಂದು. ತೆಂಗಿನ ನಾರಿನ ಬ್ರಷ್ಷಿನಿಂದ ಎರಡು ಸಲ ಸುತ್ತ ಉಜ್ಜಿದರೆ ಅದೂ ಹೋಗುತ್ತದೆ. ಕಣ್ಣಿಗೆ ಆಗ ಎಲ್ಲ ಶುಭ್ರವಾಗಿ ಕಂಡರೂ ನಂಬುವಂತಿಲ್ಲ, ಒದ್ದೆ ಗಾಜು ಎಲ್ಲವನ್ನೂ ಮುಚ್ಚಿಡುತ್ತದೆ. ಕವಚ ಕಳಚಿ, ಶುದ್ಧ ನೀರಿನಲ್ಲಿ ತೊಳೆದು, ಬರಿಬೆರಳನ್ನು ಗಾಜಿನ ಮೇಲೆ ಎಳೆಯಬೇಕು. ಲೋಳೆಯಂತೆ ಜಾರಿದರೆ ಸೋಡಾ ಉಳಿದಿದೆ. ಬೆರಳು ತಡವರಿಸಿದರೆ ಗೋಂದು ಉಳಿದಿದೆ. ಬೆರಳಿನಡಿ ಗಾಜು ಕಿರ್ರೆಂದು ಸದ್ದು ಮಾಡಿದರೆ ಅದು ಶುದ್ಧ. ಆಗ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಯಾರ ಹೆಸರೂ ಇಲ್ಲದ, ಯಾವ ಊರೂ ಇಲ್ಲದ ಕಂದು ಗಾಜು, ಅದರಾಚೆ ಬೆಳಗಿನ ಬಿಸಿಲು. ಅಷ್ಟು ಹೊತ್ತು ಬಗ್ಗಿ ನಿಂತ ಬೆನ್ನಿನ ನೋವು ಆ ನೋಟಕ್ಕೆ ಕರಗುತ್ತದೆ.

ಎಲ್ಲ ಲೇಬಲ್ಲುಗಳೂ ಇಷ್ಟು ಸಾಧುವಲ್ಲ. ಈಗೀಗ ಅನೇಕ ಬ್ರೂವರಿಗಳು ಸ್ಟಿಕ್ಕರಿನಂಥ ಪ್ಲಾಸ್ಟಿಕ್ ಲೇಬಲ್ ಅಂಟಿಸುತ್ತವೆ. ಪ್ಲಾಸ್ಟಿಕ್ ನೀರು ಹೀರುವುದಿಲ್ಲ, ಅದರ ಹಿಂದಿನ ಗೋಂದೂ ಸೋಡಾಕ್ಕೆ ಜಗ್ಗುವುದಿಲ್ಲ. ಇದಕ್ಕೆ ಬಿಸಿಯೇ ಮದ್ದು. ಬಾಟಲಿಯೊಳಗೆ ಚೆನ್ನಾಗಿ ಬಿಸಿಯಾದ ನೀರು ತುಂಬಿ ಐದು ನಿಮಿಷ ಬಿಡಿ. ಗಾಜು ಬೆಚ್ಚಗಾಗಿ ಗೋಂದು ಮೆತ್ತಗಾಗುತ್ತದೆ. ಮೂಲೆಯೊಂದನ್ನು ಉಗುರಿನಿಂದ ಎಬ್ಬಿಸಿ, ಮೇಲಕ್ಕೆ ಜಗ್ಗದೆ, ಹಿಂದಕ್ಕೆ ಮಡಿಚಿದಂತೆ ನಿಧಾನವಾಗಿ ಎಳೆಯಿರಿ. ಅವಸರಿಸಿದರೆ ಪ್ಲಾಸ್ಟಿಕ್ ಕೈಗೆ ಬಂದು ಗೋಂದು ಗಾಜಿನಲ್ಲೇ ನಿಲ್ಲುತ್ತದೆ.

ಹಾಗೆ ನಿಂತ ಗೋಂದಿಗೆ ನಮ್ಮ ಮನೆಗಳಲ್ಲೇ ಔಷಧಿಯಿದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಅದೇ ಉಪಾಯ. ಮೇಣಕ್ಕೆ ಎಣ್ಣೆಯೇ ಎದುರಾಳಿ ಎಂಬುದು ಮಲೆನಾಡಿನ, ಕರಾವಳಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಪಾತ್ರೆ ಸೋಪಿನಿಂದ ಎರಡು ಸಲ ತೊಳೆದು ಜಿಡ್ಡನ್ನು ಪೂರ್ತಿ ತೆಗೆಯಿರಿ. ಎಣ್ಣೆಯ ಪಸೆ ಬಿಯರಿಗೆ ಸೇರಿದರೆ ನೊರೆ ನಿಲ್ಲುವುದಿಲ್ಲ.

ಗಾಜಿಗೇ ಬಣ್ಣದಲ್ಲಿ ಅಚ್ಚು ಹಾಕಿ ಸುಟ್ಟ ಲೇಬಲ್ಲು ನೆನೆಹಾಕಿದರೆ ಹೋಗುವಂಥದ್ದಲ್ಲ. ಅಂಥ ಬಾಟಲಿಗಳನ್ನು ಠೇವಣಿಗೆ ವಾಪಸು ಕೊಡಿ. ಮಿರಮಿರ ಮಿಂಚುವ ಲೋಹದ ಲೇಬಲ್ಲಿನಲ್ಲಿ ಅಲ್ಯೂಮಿನಿಯಂ ಇರುತ್ತದೆ. ಅದು ಕ್ಷಾರದ ಜೊತೆ ಸೇರಿದರೆ ಹೈಡ್ರೋಜನ್ ಅನಿಲ ಹುಟ್ಟುವುದರಿಂದ ಅವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಎಂದೂ ನೆನೆಹಾಕಬೇಡಿ. ಗಾಳಿಯಾಡುವ ಕಡೆ, ತೆರೆದ ಬಕೆಟ್ಟಿನಲ್ಲಿ, ಬೆಂಕಿಯಿಂದ ದೂರ ಇಡಿ. ಕೆಲವರು ಅಮೋನಿಯಾ ಬಳಸುತ್ತಾರೆ, ಕೆಲವರು ಬ್ಲೀಚ್ ಬಳಸುತ್ತಾರೆ. ಇವೆರಡನ್ನೂ ಬೆರೆಸಿದರೆ ಏಳುವ ಅನಿಲ ಶ್ವಾಸಕೋಶಕ್ಕೆ ವಿಷ. ಬ್ಲೀಚಿಗೆ ವಿನೆಗರ್ ಬೆರೆಸಿದರೂ ವಿಷಾನಿಲವೇ. ಸೋಡಾ ಸಾಕಾಗಿರುವಾಗ ಇವು ಯಾವುವೂ ಬೇಡ ಎಂಬುದು ನನ್ನ ಮಾತು.

ನೆನೆಸಿದ್ದನ್ನು ಮರೆತು ದಿನಗಟ್ಟಲೆ ಬಿಟ್ಟರೆ, ನಿಮ್ಮೂರಿನ ನೀರು ಗಡುಸಾಗಿದ್ದಲ್ಲಿ, ಗಾಜಿನ ಮೇಲೆ ಸುಣ್ಣದ ಬಿಳಿ ಪೊರೆ ಕಟ್ಟುತ್ತದೆ. ಅದಕ್ಕೆ ಹುಳಿ ಬೇಕು. ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಅದ್ದಿದರೆ ಹೋಗುತ್ತದೆ. ಬೂದಿಯಲ್ಲಿ ಉಜ್ಜಿದ ಪಾತ್ರೆಗೆ ಅಜ್ಜಿ ಕೊನೆಗೆ ಹುಣಸೆ ಹಣ್ಣು ಹಾಕುತ್ತಿದ್ದಳು, ಕ್ರಮ ಅದೇ: ಮೊದಲು ಕ್ಷಾರ, ಆಮೇಲೆ ಹುಳಿ. ಕಳಚಿದ ಕಾಗದವನ್ನು ಜರಡಿಯಲ್ಲಿ ಸೋಸಿ ಕಸಕ್ಕೆ ಹಾಕಿ, ಚರಂಡಿಗೆ ಬಿಡಬೇಡಿ. ಲೇಬಲ್ ಇರುವ ಬಾಟಲಿಯನ್ನು ಡಿಶ್‌ವಾಷರಿಗೆ ಹಾಕಿದರೆ ಅದರ ಜರಡಿ ಕಟ್ಟಿಕೊಳ್ಳುತ್ತದೆ. ತೊಳೆದ ಬಾಟಲಿ ಶುಚಿಯಾಗಿದೆ, ಸೂಕ್ಷ್ಮಜೀವಿಗಳಿಂದ ಮುಕ್ತವಾಗಿಲ್ಲ. ತುಂಬುವ ದಿನ ಸ್ಟಾರ್ ಸ್ಯಾನ್‌ನಂಥ ದ್ರಾವಣವನ್ನು ಐದು ಗ್ಯಾಲನ್ ನೀರಿಗೆ 30 ಮಿಲಿಲೀಟರಿನಂತೆ ಬೆರೆಸಿ ಅದ್ದಿ ತೆಗೆಯಬೇಕು. ಅರ್ಧ ಕಿತ್ತ ಲೇಬಲ್ ಇದ್ದರೆ ಆ ದ್ರಾವಣದ ತುಂಬ ಕಾಗದದ ನಾರು, ಗೋಂದು. ಶುದ್ಧ ಮಾಡಬೇಕಾದ ನೀರೇ ಕೊಳೆಯಾಗುತ್ತದೆ.

ಸ್ಪರ್ಧೆಗೆ ಬಿಯರ್ ಕಳಿಸಿದವರಿಗೆ ಇನ್ನೊಂದು ಸಂಗತಿ ಗೊತ್ತಿದೆ. ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಷನ್ 1979ರಿಂದ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತ ಬಂದಿದೆ. ಇಂಥ ಸ್ಪರ್ಧೆಗಳಿಗೆ ಲೇಬಲ್ಲಿಲ್ಲದ ಬಾಟಲಿಯನ್ನೇ ಕಳಿಸಬೇಕು. ಮುಚ್ಚಳದ ಮೇಲೆ ಅಕ್ಷರವಿದ್ದರೆ ಅದಕ್ಕೂ ಕಪ್ಪು ಮಸಿ ಬಳಿಯಬೇಕು. ತೀರ್ಪುಗಾರರ ಮುಂದೆ ಬಾಟಲಿಗೆ ಹೆಸರಿಲ್ಲ, ಕುಲವಿಲ್ಲ. ಒಳಗಿರುವುದೊಂದೇ ಮಾತಾಡಬೇಕು. ನನಗೆ ಈ ನಿಯಮದಲ್ಲಿ ದೊಡ್ಡ ನ್ಯಾಯ ಕಾಣುತ್ತದೆ. ಆರು ವಾರ ಕಾದು ಮಾಡಿದ ನಿಮ್ಮ ಬಿಯರ್ ಬೇರೊಬ್ಬರ ಹೆಸರು ಹೊತ್ತು ಗೆಳೆಯರ ಮುಂದೆ ಬಂದರೆ ಇಬ್ಬರಿಗೂ ಅನ್ಯಾಯ. ಚೆನ್ನಾಗಿದ್ದರೆ ಕೀರ್ತಿ ನಿಮ್ಮದಾಗುವುದಿಲ್ಲ, ಹಾಳಾಗಿದ್ದರೆ ಆ ಬ್ರೂವರಿಯವರು ಮಾಡದ ತಪ್ಪಿಗೆ ಅವರ ಹೆಸರು ಕೆಡುತ್ತದೆ. ಗೋಧಿ, ಬಾರ್ಲಿ ಒಗ್ಗದ ಅತಿಥಿಯೊಬ್ಬರು ಗ್ಲೂಟನ್ ಇಲ್ಲ ಎಂಬ ಹಳೆಯ ಲೇಬಲ್ಲನ್ನು ನಂಬಿ ಕುಡಿದರೆ ಏನಾದೀತೆಂದು ಯೋಚಿಸಿ. ಅಕ್ಷರವನ್ನು ಜನ ನಂಬುತ್ತಾರೆ. ನಂಬಬೇಕು ಕೂಡ.

ಹಾಗಾಗಿ ಬೋಳಾದ ಬಾಟಲಿಯನ್ನು ಬೋಳಾಗಿಯೇ ಬಿಡಬೇಡಿ. ನಿಮ್ಮದೇ ಚೀಟಿ ಅಂಟಿಸಿ. ಕನ್ನಡದಲ್ಲಿ ಬರೆಯಿರಿ, ಪಕ್ಕದಲ್ಲಿ ಇಲ್ಲಿಯ ಮಕ್ಕಳಿಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲೂ ಬರೆಯಿರಿ. ಇದು ಬಿಯರ್ ಎಂಬುದು ಮೊದಲು, ದೊಡ್ಡ ಅಕ್ಷರದಲ್ಲಿ. ತುಂಬಿದ ದಿನಾಂಕ, ಮದ್ಯದ ಶೇಕಡಾ ಪ್ರಮಾಣ, ಹಾಕಿದ ಧಾನ್ಯ ಆಮೇಲೆ. ಹೆಸರು ಏನು ಬೇಕಾದರೂ ಇಡಿ.

ಅಂಟಿಸಲು ಗೋಂದಿನ ಡಬ್ಬಿಯನ್ನು ಮುಟ್ಟಬೇಡಿ. ತಟ್ಟೆಗೆ ಎರಡು ಚಮಚ ಹಾಲು ಹಾಕಿಕೊಳ್ಳಿ. ಸಾಮಾನ್ಯ ಕಾಗದದ ಚೀಟಿಯ ಹಿಂಬದಿಗೆ ಬ್ರಷ್ಷಿನಿಂದ ತೆಳುವಾಗಿ ಹಾಲು ಸವರಿ, ಬಾಟಲಿಗೆ ಒತ್ತಿ, ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ವಾಸನೆಯಿಲ್ಲದೆ, ಅಂಚು ಏಳದೆ ಚೀಟಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಲಿನಲ್ಲಿರುವ ಕೇಸೀನ್ ಇಲ್ಲಿ ನಿಮ್ಮ ಪರವಾಗಿ ದುಡಿಯುತ್ತದೆ. ನಾಳೆ ಬಾಟಲಿ ಖಾಲಿಯಾಗಿ ಇನ್ನೊಬ್ಬರ ಮನೆ ಸೇರಿದಾಗ, ಬಿಸಿನೀರಿಗೆ ಅದ್ದಿದರೆ ಸಾಕು, ಉಜ್ಜುವ ಅಗತ್ಯವೂ ಇಲ್ಲದೆ ಕಳಚಿಕೊಳ್ಳುತ್ತದೆ.

ಆ ಜುಲೈ ಮುಗಿದ ವಾರವೇ ನನ್ನ ಗ್ಯಾರೇಜಿನಲ್ಲಿದ್ದ ಒಂದೊಂದು ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿದೆ. ತುಂಬಿದ್ದವುಗಳ ಲೇಬಲ್ಲನ್ನೂ ಒದ್ದೆ ಬಟ್ಟೆ ಸುತ್ತಿ ಬಿಡಿಸಿ, ಹಾಲು ಸವರಿ ಹೊಸ ಚೀಟಿ ಅಂಟಿಸಿದೆ. ಮುಂದಿನ ಬೇಸಿಗೆಯಲ್ಲಿ ಅದೇ ಹುಡುಗಿ ಬಂದಾಗ ಎರಡು ಪೆಟ್ಟಿಗೆಗಳನ್ನು ದೂರ ದೂರ ಇಟ್ಟಿದ್ದೆ. ಅವಳು ನನ್ನ ಪೆಟ್ಟಿಗೆಯಿಂದ ಒಂದು ಬಾಟಲಿ ಎತ್ತಿ, ಅದರ ಮೇಲಿನ ಕನ್ನಡವನ್ನು ಕನ್ನಡ ಶಾಲೆಯಲ್ಲಿ ಕಲಿತಂತೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ದೊ-ಡ್ಡ-ವ-ರಿ-ಗೆ ಮಾ-ತ್ರ.’ ಓದಿ ನಕ್ಕು, ಬಾಟಲಿಯನ್ನು ಅಲ್ಲೇ ಇಟ್ಟು, ಮಕ್ಕಳ ಪೆಟ್ಟಿಗೆಯ ಕಡೆ ಓಡಿದಳು.

ಈ ಸಲದ ಬಿಯರ್ ತುಂಬುವ ಮುನ್ನ ನೀವೂ ಒಂದು ರಾತ್ರಿ ಬಾಟಲಿಗಳನ್ನು ನೆನೆಹಾಕಿ. ಬೆಳಗ್ಗೆ ಒಂದೊಂದನ್ನೇ ಬರಿಬೆರಳಿನಿಂದ ಮುಟ್ಟಿ ನೋಡಿ. ಗಾಜು ಕಿರ್ರೆನ್ನುವವರೆಗೂ ಬಿಡಬೇಡಿ.

ನಿಮ್ಮವನೇ ಆದ,
ಬೀವರ್ಟನ್ನಿನ ಒಬ್ಬ ಬಾಟಲಿ ತೊಳೆಯುವವನು